ಸಪ್ಪಳ ನನ್ನದೋ, ಇಂಜಿನ್ನಿನದೋ

ಹೋದ ತಿಂಗಳು ಮುದ್ದೇಬಿಹಾಳ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಒಬ್ಬ ಮನುಷ್ಯ ನನ್ನ ಕೊರಳನ್ನೇ ನೋಡುತ್ತ ಕುಳಿತಿದ್ದ. ಕೊರಳಲ್ಲಿ ನೀಲಿ ದಾರ, ದಾರದ ಎರಡು ತುದಿಗೆ ಎರಡು ರಬ್ಬರ್ ಬೂಚು. ತಾಯಿತವಲ್ಲ, ಮೊಬೈಲಿನ ವಾಯರೂ ಅಲ್ಲ. ಕಡೆಗೆ ತಡೆಯಲಾರದೆ ಕೇಳಿದ.

"ಇದೇನ್ರಿ ಕೊಳ್ಳಾಗ?"

"ಕಿವಿಗೆ ಹಾಕ್ಕೊಳ್ಳೋ ಬೂಚ್ರಿ. ಟ್ರ್ಯಾಕ್ಟರ್ ಶರ್ಯತ್ತು ನೋಡಾಕ ಹೋಗ್ತೇನಲ್ಲ, ಅದಕ್ಕ."

ಆತ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಬೆಂಚಿನ ಮೇಲೆ ಸರಿದು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ, "ನಿಮಗೂ ಕಿವ್ಯಾಗ ಕುಂಯ್ ಅಂತೈತೇನ್ರಿ?"

ಕಲ್ಲು ಒಡೆಯುವ ಮಷೀನಿನ ಮೇಲೆ ವರ್ಷಗಟ್ಟಲೆ ದುಡಿದವನಂತೆ. ಈ ಕುಂಯ್ ಎಂಬುದು ಯಾವಾಗ ಸುರುವಾಯಿತು ಅನ್ನುವುದೇ ಅವನಿಗೆ ನೆನಪಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ತಲೆ ಕೆಟ್ಟಿದೆ ಅಂದಾಳು ಎಂಬ ಹೆದರಿಕೆ. "ನನಗೂ ಅಂತೈತಿ, ನಿಮ್ಮ ಜೋಡಿ ಮಾತಾಡುವಾಗೂ ಅನ್ನಾಕತ್ತೈತಿ" ಎಂದೆ ನಾನು. ಅಷ್ಟಕ್ಕೇ ಆ ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ಬಂತು. ನನ್ನ ಬಸ್ಸು ಹೋಯಿತು, ಚಹಾ ಆರಿತು, ನಾವಿಬ್ಬರೂ ಮಾತಾಡುತ್ತಲೇ ಇದ್ದೆವು. ಅವತ್ತೇ ಇದನ್ನು ಬರೆದಿಡಬೇಕು ಅನ್ನಿಸಿತು. ಕಿವಿಯೊಳಗೆ ಯಾವ ಎಲುಬು ಎಲ್ಲಿದೆ ಎಂದು ನಾನು ಹೇಳುವವನಲ್ಲ. ಹೇಳಿದರೂ ನೀವು ನಂಬಬೇಡಿ.

ನನ್ನ ಹೆಸರು ಸಿದ್ರಾಮ. ಸಿಂದಗಿಯಲ್ಲಿ ಟ್ರ್ಯಾಕ್ಟರ್ ಇಂಜಿನ್ ರಿಪೇರಿಯ ಅಂಗಡಿ ಇಟ್ಟುಕೊಂಡವನು. ಸುತ್ತಲಿನ ಮಂದಿ ನನ್ನನ್ನು ಕಿವಿ ಮಿಸ್ತ್ರಿ ಎನ್ನುತ್ತಾರೆ, ಅಂದರೆ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಅದರ ಕಟ್ಟಿಗೆಯ ಹಿಡಿಕೆಯನ್ನು ಕಿವಿಗೆ ಇಟ್ಟರೆ ಒಳಗಿನ ಒಂದೊಂದು ಭಾಗವೂ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಇದೇನು ನಾನು ಕಂಡುಹಿಡಿದದ್ದಲ್ಲ, ಹಳೆಯ ಮಿಸ್ತ್ರಿಗಳೆಲ್ಲ ಮಾಡುತ್ತಾರೆ. ಆದರೆ ನನ್ನಷ್ಟು ಸಣ್ಣ ಸಪ್ಪಳ ಹಿಡಿಯುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನಲ್ಲಿ ಇಲ್ಲ ಎಂಬ ಸೊಕ್ಕು ನನಗಿತ್ತು. ಸೊಕ್ಕು ಎಂದೇ ಬರೆಯುತ್ತೇನೆ, ಬೇರೆ ಮರ್ಯಾದೆಯ ಪದ ಹುಡುಕುವುದಿಲ್ಲ.

ಶರ್ಯತ್ತಿನ ಹುಚ್ಚು ಈ ಸೊಕ್ಕಿನ ಜೊತೆಗೇ ಬಂದದ್ದು. ತೊಗರಿ ಕೊಯ್ದ ಮೇಲೆ ಖಾಲಿ ಬಿದ್ದ ಕಪ್ಪು ಮಣ್ಣಿನ ಎರಿಹೊಲದಲ್ಲಿ ಉದ್ದಕ್ಕೊಂದು ಪಟ್ಟಿ ಹೊಡೆದು, ಎರಡೆರಡು ಟ್ರ್ಯಾಕ್ಟರ್ ಜೋಡಿ ಮಾಡಿ ಬಿಡುತ್ತಾರೆ. ಟ್ರೇಲರ್ ಇರುವುದಿಲ್ಲ, ಸೈಲೆನ್ಸರ್ ಕೂಡ ಇರುವುದಿಲ್ಲ. ಸೈಲೆನ್ಸರ್ ಇದ್ದ ಜಾಗದಲ್ಲಿ ಮೊಣಕೈ ಉದ್ದದ ಬರೀ ಪೈಪು. ಹಗ್ಗದ ಆಚೆ ನಿಂತವರ ಎದೆ ನಡುಗಬೇಕು, ಇಲ್ಲದಿದ್ದರೆ ಅದು ಶರ್ಯತ್ತೇ ಅಲ್ಲ. ಮನೆಗೆ ಬಂದ ಮೇಲೂ ಎರಡು ದಿನ ಕಿವಿ ಗುಂಯ್‌ಗುಡುತ್ತಿತ್ತು. ಅದಕ್ಕೆ ನಾವು ಶರ್ಯತ್ತಿನ ನಶೆ ಎನ್ನುತ್ತಿದ್ದೆವು. "ನಂದು ಇನ್ನೂ ಇಳದಿಲ್ಲಪಾ" ಎಂದು ಮೂರನೆಯ ದಿನ ಹೇಳುವವನು ಎಲ್ಲರಿಗಿಂತ ಹತ್ತಿರ ನಿಂತವನು, ಎಲ್ಲರಿಗಿಂತ ದೊಡ್ಡ ಗಂಡಸು. ಈಗ ನೆನೆದರೆ ಮೈ ಉರಿಯುತ್ತದೆ. ಕಿವಿ ಸಾಯುತ್ತಿರುವುದನ್ನು ನಾವು ಮೀಸೆ ತಿರುವಿ ಹೇಳಿಕೊಳ್ಳುತ್ತಿದ್ದೆವು.

ಆ ದಿನದ ಶರ್ಯತ್ತು ಹೂವಿನ ಹಿಪ್ಪರಗಿಯ ಆಚೆ. ಗೊಳಸಂಗಿಯ ಬಸಗೊಂಡನ ಟ್ರ್ಯಾಕ್ಟರಿಗೆ ನಾನೇ ಡೀಸೆಲ್ ಪಂಪು ಕಟ್ಟಿದ್ದೆ. ಬಸಗೊಂಡ ನನಗಿಂತ ನಾಲ್ಕು ವರ್ಷ ಚಿಕ್ಕವನು, ಮಾತು ಕಡಿಮೆ, ತನ್ನ ಟ್ರ್ಯಾಕ್ಟರನ್ನು ನನ್ನ ಹೊರತು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಮನೆಯಿಂದ ಹೊರಡುವಾಗ ಅವ್ವ ಎಂದಿನಂತೆ ದೇವರ ಮುಂದಿನ ಹೂಬತ್ತಿ ಎರಡು ಕೊಟ್ಟಿದ್ದಳು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ್ದು. ಶರ್ಯತ್ತಿಗೆ ಹೋಗುವವರು ಕಿವಿಯಲ್ಲಿ ಅರಳೆ ತುರುಕಿಕೊಂಡು, ಮೇಲೆ ಟವೆಲ್ ಬಿಗಿದುಕೊಳ್ಳುವುದು ನಮ್ಮ ಕಡೆಯ ರೂಢಿ. ನಾನು ಹಾಗೆಯೇ ಮಾಡಿದೆ. ಬಿಡುವ ಹೊತ್ತಿಗೆ ಬಸಗೊಂಡ ಸೀಟಿನ ಮೇಲಿಂದ ಕೂಗಿದ, "ಅಣ್ಣಾ, ಒಂದ ಸಲ ಕೇಳು!"

ಕಿವಿ ಮುಚ್ಚಿಕೊಂಡು ಇಂಜಿನ್ ಕೇಳುವ ಮಿಸ್ತ್ರಿ ಎಲ್ಲಾದರೂ ಉಂಟೇ? ಟವೆಲ್ ಬಿಚ್ಚಿ, ಎಡಗಿವಿಯ ಬತ್ತಿ ಕಿತ್ತು, ಬಗ್ಗಿದೆ. ಪೈಪಿನ ಬಾಯಿ ನನ್ನ ತಲೆಯ ಮಗ್ಗುಲಿಗೇ ಇತ್ತು. ಅವನು ಎಕ್ಸಿಲೇಟರ್ ತುಳಿದು ರೇಸ್ ಕೊಟ್ಟ. ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಹೊಗೆ ಧಡ್ ಎಂದು ಒಡೆಯಿತು.

ಆಮೇಲೆ ಟ್ರ್ಯಾಕ್ಟರುಗಳು ಓಡಿದವು. ಧೂಳು ಎದ್ದಿತು. ಮಂದಿಯ ಬಾಯಿ ತೆರೆದುಕೊಂಡಿತ್ತು, ಕೈಗಳು ಮೇಲೆ ಎದ್ದಿದ್ದವು. ನನಗೆ ಯಾವ ಸಪ್ಪಳವೂ ಕೇಳಲಿಲ್ಲ, ಒಂದೇ ಒಂದು ಸಣ್ಣ ಕುಂಯ್ ಹೊರತು. ಬಸಗೊಂಡ ಗೆದ್ದನೋ ಸೋತನೋ ಎಂಬುದನ್ನು ಅವನ ಮುಖ ನೋಡಿ ತಿಳಿದುಕೊಂಡೆ. ಗೆದ್ದಿದ್ದ.

ಎರಡು ದಿನ ನಶೆ ಎಂದು ಸುಮ್ಮನಿದ್ದೆ. ಮೂರನೆಯ ದಿನ ಬಡಾಯಿ ಕೊಚ್ಚಿದೆ. ನಾಲ್ಕನೆಯ ದಿನ ಮೊಬೈಲನ್ನು ಎಡಗಿವಿಗೆ ಹಿಡಿದರೆ ಅದು ಕಟ್ಟಿಗೆಯ ತುಂಡು. ಆಗ ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. "ಮಂದಿ ಕಣ್ಣ ನಿನ್ನ ಕಿವಿಗೇ ಬಿದ್ದಾವಪಾ, ಕಿವಿ ಮಿಸ್ತ್ರಿ ಕಿವಿ ಮಿಸ್ತ್ರಿ ಅಂತ ಹಾಡಿ ಹಾಡಿ." ಔಷಧದಂಗಡಿಯವನು ಹನಿ ಕೊಟ್ಟ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಉಷ್ಣ ಎಂದ, ಅವನ ಹೆಂಡತಿ ಶೀತ ಎಂದಳು. ಎಂಟನೆಯ ದಿನ ನನ್ನ ಹೆಂಡತಿ ಸುನಂದಾ ನನ್ನ ಎಡಕ್ಕೆ ನಿಂತು ಮೂರು ಸಲ ಊಟಕ್ಕೆ ಕರೆದಳಂತೆ. ನಾನು ಬೇಕೆಂದೇ ಸುಮ್ಮನಿದ್ದೇನೆಂದು ತಿಳಿದು ತಾಟನ್ನು ನೆಲಕ್ಕೆ ಕುಕ್ಕಿದಳು. ತಾಟಿನ ಸದ್ದು ಬಲಗಡೆಯಿಂದ ಬಂದಂತಾಗಿ ನಾನು ಬಲಕ್ಕೆ ತಿರುಗಿದೆ. ಅವಳು ಎಡಕ್ಕೆ ನಿಂತಿದ್ದಳು. ಅವಳ ಮುಖದ ಸಿಟ್ಟು ಇಳಿದು ಹೋದದ್ದನ್ನು ನಾನು ನೋಡಿದೆ. ಮರುದಿನವೇ ವಿಜಯಪುರದ ಬಸ್ಸು ಹತ್ತಿದೆವು.

ಕಿವಿಯ ದವಾಖಾನೆಯಲ್ಲಿ ಹೆಸರನ್ನು ಮೆಲ್ಲಗೆ ಕರೆಯುತ್ತಾರೆ. ಇದು ಯಾವ ಜಾಣರ ಏರ್ಪಾಡೋ ನನಗೆ ತಿಳಿಯಲಿಲ್ಲ. ಬೆಂಚಿನ ತುಂಬ ಕಿವಿ ಕೇಳದವರು, ಬಾಗಿಲಲ್ಲಿ ಒಬ್ಬ ನರ್ಸಮ್ಮ, ದನಿ ಪಿಸುಪಿಸು. ಒಬ್ಬ ಅಜ್ಜನ ಹೆಸರು ನಾಲ್ಕು ಸಲ ಹೋಗಿ ಬಂತು. ಆತ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ಕುಳಿತೇ ಇದ್ದ. ಆ ಚಿತ್ರವನ್ನು ನಾನೂ ನೋಡಿದೆ. ಒಳಗಡೆ ಬಸವನಹುಳದ ಚಿಪ್ಪಿನಂಥದ್ದೊಂದು ಸುತ್ತಿಕೊಂಡಿತ್ತು, ಇಂಜಿನ್ನಿಗೆ ಗಾಳಿ ತುಂಬುವ ನಮ್ಮ ಟರ್ಬೋದ ಹಾಗೆ. ಕೆಟ್ಟರೆ ಬಿಚ್ಚಿ ತೊಳೆಯಬಹುದೇನೋ ಅಂದುಕೊಂಡೆ.

ಡಾಕ್ಟರು ಎರಡು ಕಾಲಿನ ಉಕ್ಕಿನ ಚಿಮಟಿಗೆಯೊಂದನ್ನು ಮೊಣಕೈಗೆ ಬಡಿದು, ನನ್ನ ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದರು. ಕಿವಿಯ ತೂತಿಗಲ್ಲ, ಎಲುಬಿಗೆ. ಬಲಗಡೆ ಝೇಂಕಾರ ತಲೆಯೊಳಗೇ ಹೊಕ್ಕಂತೆ ಕೇಳಿತು. ಆವಾಗ ನನಗೆ ಅದು ದೊಡ್ಡ ಮಾತಾಗಿ ಕಾಣಲಿಲ್ಲ. ಆಮೇಲೆ ಪರೀಕ್ಷೆಗೆಂದು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಗೋಡೆಗೆಲ್ಲ ಮೆತ್ತೆ, ಮುಂದೆ ಗಾಜು. ತಲೆಗೆ ದೊಡ್ಡ ಹೆಡ್‌ಫೋನು, ಕೈಯಲ್ಲಿ ಗುಂಡಿ. ಸಪ್ಪಳ ಕೇಳಿದಾಗ ಗುಂಡಿ ಒತ್ತಬೇಕು, ಎಷ್ಟೇ ಸಣ್ಣದಿದ್ದರೂ. ಸಣ್ಣ ಸಪ್ಪಳ ಹಿಡಿಯುವುದೇ ನನ್ನ ಕಸುಬಲ್ಲವೇ ಎಂದು ಹುರುಪಿನಿಂದ ಒತ್ತತೊಡಗಿದೆ. ಒತ್ತಿದೆ, ಒತ್ತಿದೆ, ಒತ್ತಿದೆ. ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆರೆದಳು.

"ಅಣ್ಣಾರ, ನಾ ಇನ್ನೂ ಸುರುನ ಮಾಡಿಲ್ರಿ."

ನಾನು ಅವಳ ಮುಖ ನೋಡಿದೆ. ನಗುತ್ತಾಳೇನೋ ಅಂದುಕೊಂಡೆ, ನಗಲಿಲ್ಲ. ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಹೆಸರು ಅಶ್ವಿನಿ, ಊರು ಇಂಡಿ. "ನಿಮಗ ಕೇಳಾಕತ್ತಿದ್ದು ನನ್ನ ಮಷೀನಿಂದಲ್ರಿ, ನಿಮ್ಮ ಕಿವಿದು. ಹಂಗ ಭಾಳ ಮಂದಿಗೆ ಆಕ್ಕೈತಿ. ಅಂಜಬ್ಯಾಡ್ರಿ, ನಾವು ಸಪ್ಪಳ ಬದಲಿ ಮಾಡಿ ಮಾಡೂಣು." ಆ ದಿನ ನನಗೆ ಸಿಕ್ಕ ಮೊದಲ ಸಮಾಧಾನ ಅದು, ಭಾಳ ಮಂದಿಗೆ ಆಗುತ್ತದೆ ಎಂಬ ಮಾತು.

ಫಲಿತಾಂಶ ಹಿಡಿದು ಡಾಕ್ಟರ ಮುಂದೆ ಕುಳಿತಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಎಂಟು ದಿನ ಏನ್ ಮಾಡಿದ್ರಿ?" ಬೆಳ್ಳುಳ್ಳಿ ಎಣ್ಣೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಸುನಂದಾ ಹೇಳಿದಳು. ಕಿವಿಯಲ್ಲಿ ಸಣ್ಣ ಸಪ್ಪಳ ಹಿಡಿಯುವ ಭಾಗ ಪೆಟ್ಟು ತಿಂದಿದೆ, ಗುಳಿಗೆ ಕೊಡುತ್ತೇನೆ, ಎಷ್ಟು ಬರುತ್ತದೋ ಹೇಳಲಾಗದು, ಮೊದಲ ದಿನವೇ ಬರಬೇಕಿತ್ತು ಎಂದರು. ಮೊದಲ ದಿನವೇ ಬಂದಿದ್ದರೆ ಪೂರ್ತಿ ಬರುತ್ತಿತ್ತೇ ಎಂದು ಕೇಳಿದೆ. ಬರಬಹುದಿತ್ತು, ಬರದೆಯೂ ಇರಬಹುದಿತ್ತು ಎಂದರು. ಈ ಉತ್ತರವನ್ನು ನಾನು ಇನ್ನೂ ತಿರುವಿ ಹಾಕುತ್ತಲೇ ಇದ್ದೇನೆ. ಅದರಲ್ಲಿ ತಪ್ಪು ನನ್ನದು ಎಂದೂ ಇಲ್ಲ, ನನ್ನದಲ್ಲ ಎಂದೂ ಇಲ್ಲ.

ಗುಳಿಗೆ ಮುಗಿಯುವ ಹೊತ್ತಿಗೆ ಮಾತು ಸುಮಾರಾಗಿ ಕೇಳತೊಡಗಿತು. ಕುಂಯ್ ಕೂಡ ಇಳಿಯಿತು. ಎಷ್ಟು ಇಳಿಯಿತೆಂದರೆ ಅಂಗಡಿಯ ಗದ್ದಲದಲ್ಲಿ ಅದು ಇದೆ ಎಂಬುದೇ ಮರೆತುಹೋಗುತ್ತಿತ್ತು. ವಾಸಿಯಾಯಿತು ಎಂದು ನಾನೇ ತೀರ್ಮಾನ ಕೊಟ್ಟುಕೊಂಡೆ. ಡಾಕ್ಟರು ಮತ್ತೆ ಬರಲು ಹೇಳಿದ ದಿನ ಹೋಗಲಿಲ್ಲ.

ಆಗ ಬಸಗೊಂಡ ಟ್ರ್ಯಾಕ್ಟರ್ ತಂದ. ಮುಂಗಾರಿನ ರಂಟಿ ಹೊಡೆದು ಹೊಲ ಉಳುವ ಮುಂಚೆ ಒಂದು ಸಲ ನೋಡಿಬಿಡು ಎಂದ. ನಾನು ಸ್ಕ್ರೂಡ್ರೈವರ್ ಹಿಡಿದು ಪಂಪಿಗೆ ಕಿವಿ ಕೊಟ್ಟೆ. ಇತ್ತು, ಒಂದು ಸಪ್ಪಳ ಇತ್ತು. ಸಣ್ಣಗೆ, ಎಡೆಬಿಡದೆ, ಲೋಹಕ್ಕೆ ಲೋಹ ತಿಕ್ಕಿದ ಹಾಗೆ.

"ಪಂಪ್ ಬಿಚ್ಚಬೇಕೋ ಬಸಗೊಂಡ."

"ಹೊಲದಾಗ ಛಲೋ ಓಡಾಕತ್ತೈತಲ್ಲೋ ಅಣ್ಣಾ."

"ನಿನಗ ಕೇಳಂಗಿಲ್ಲ, ನನಗ ಕೇಳ್ತೈತಿ."

ಬಿಚ್ಚಿದೆ. ಮೂರು ದಿನ ಟ್ರ್ಯಾಕ್ಟರ್ ಅಂಗಡಿಯ ಮುಂದೆ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಪಂಪಿನ ಒಂದೊಂದು ಭಾಗವನ್ನೂ ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದೆ. ಒಂದೂ ಸವೆದಿರಲಿಲ್ಲ. ಅಷ್ಟರಲ್ಲಿ ಗೊಳಸಂಗಿಯ ಕಡೆ ಒಂದು ಹದ ಮಳೆ ಬಿದ್ದು, ಎಲ್ಲರ ಹೊಲದಲ್ಲಿ ಟ್ರ್ಯಾಕ್ಟರ್ ಓಡಿದರೆ ಬಸಗೊಂಡನ ಹೊಲದಲ್ಲಿ ಓಡಲಿಲ್ಲ. ನಾಲ್ಕನೆಯ ದಿನ ಎಲ್ಲ ಜೋಡಿಸಿ ಚಾಲೂ ಮಾಡಿದೆ. ನಾಲ್ಕಾರು ಮಂದಿ ಸುತ್ತ ನಿಂತಿದ್ದರು. ಮತ್ತೆ ಕಿವಿಗೊಟ್ಟೆ. ಸಪ್ಪಳ ಇನ್ನೂ ಇತ್ತು. "ಅದ ನೋಡು, ಇನ್ನೂ ಐತಿ, ಬಂದ್ ಮಾಡು" ಎಂದೆ. ಬಸಗೊಂಡ ಕೀಲಿ ತಿರುವಿದ.

ಇಂಜಿನ್ ಬಂದ್ ಆಯಿತು. ಸಪ್ಪಳ ಬಂದ್ ಆಗಲಿಲ್ಲ.

ನಾನು ಸ್ಕ್ರೂಡ್ರೈವರನ್ನು ಸತ್ತ ಇಂಜಿನ್ನಿನ ಮೇಲೆ ಒತ್ತಿ ಹಿಡಿದುಕೊಂಡೇ ನಿಂತಿದ್ದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಬಸಗೊಂಡನಿಗೆ ಯಾವ ಗಳಿಗೆಯಲ್ಲಿ ಅರ್ಥವಾಯಿತೋ ಗೊತ್ತಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ರ್ಯಾಕ್ಟರ್ ಹತ್ತಿ ಹೋದ. ಆಮೇಲೆ ಬಾಗೇವಾಡಿಯ ಬೇರೆ ಮಿಸ್ತ್ರಿಯ ಹತ್ತಿರ ಹೋಗುತ್ತಾನೆಂದು ಮಂದಿ ಹೇಳಿದರು.

ಆ ದಿನಗಳ ಬಗ್ಗೆ ಬರೆಯುವುದು ಕಷ್ಟ. ನೋವು ಇಲ್ಲ, ರಕ್ತ ಇಲ್ಲ, ಜ್ವರ ಇಲ್ಲ. ಮಂದಿಗೆ ತೋರಿಸಲು ಏನೂ ಇಲ್ಲದ ಬೇನೆ ಇದು. ಯಾವ ಇಂಜಿನ್ ಮುಂದೆ ನಿಂತರೂ ಒಂದೇ ಚಿಂತೆ, ಇದು ಅದರದೋ, ನನ್ನದೋ? ಕುಕ್ಕರ್ ಕೂಗಿದರೆ ಸುನಂದಾಳ ಮುಖ ನೋಡಿ ಅವಳು ಎದ್ದರೆ ಮಾತ್ರ ಅದು ಕುಕ್ಕರ್ ಎಂದು ನಂಬುತ್ತಿದ್ದೆ. ಇಪ್ಪತ್ತು ವರ್ಷ ನಂಬಿ ಬದುಕಿದ ಕಿವಿ ಈಗ ಸುಳ್ಳು ಹೇಳುತ್ತಿತ್ತು. ಕಿವಿ ಇಲ್ಲದ ಕಿವಿ ಮಿಸ್ತ್ರಿ ಅಂದರೆ ಯಾರು? ಅಂಗಡಿ ತೆಗೆಯಲು ಮನಸ್ಸಾಗದೆ ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೆ.

ಆ ತಿಂಗಳಲ್ಲೇ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಮದುವೆಯಾದಾಗಿನಿಂದ ಊಟಕ್ಕೆ ಕೂತಾಗ ಸುನಂದಾ ನನ್ನ ಎಡಕ್ಕೆ ಕೂರುತ್ತಿದ್ದಳು, ಒಲೆ ಆ ಕಡೆ ಇತ್ತು. ಈಗ ಬಲಕ್ಕೆ ಕೂರುತ್ತಿದ್ದಾಳೆ. ಪ್ರತಿ ರೊಟ್ಟಿಗೂ ಎದ್ದು ನನ್ನನ್ನು ಸುತ್ತಿಕೊಂಡು ಒಲೆಗೆ ಹೋಗಿ ಬರುತ್ತಾಳೆ. ಯಾವಾಗಿನಿಂದ ಎಂದು ಕೇಳಿದೆ. "ತಾಟ ಕುಕ್ಕಿದ ದಿನದಿಂದ" ಎಂದಳು.

ಅವಳೇ ಎಬ್ಬಿಸಿ ಮತ್ತೆ ವಿಜಯಪುರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಹೋದದ್ದು ಹೋಯಿತು, ಬಲಗಿವಿ ಇನ್ನೂ ಗಟ್ಟಿ ಇದೆ, ಅದನ್ನು ಉಳಿಸಿಕೊಳ್ಳಿ, ಇನ್ನೊಂದು ಶರ್ಯತ್ತಿಗೆ ಕಿವಿ ತೆರೆದು ಹೋದರೆ ನನ್ನ ಹತ್ತಿರ ಬರಬೇಡಿ ಎಂದರು. ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಲು ಅಶ್ವಿನಿಯ ಹತ್ತಿರ ಹೋದೆ.

"ಅರಳಿ ಹಾಕ್ಕೋತಿದ್ನಲ್ರಿ ತಂಗಿ, ಎಣ್ಯಾಗ ಅದ್ದಿ."

"ಡೀಸೆಲ್ ಸೋಸಾಕ ಮೀನಿನ ಬಲಿ ಹಿಡೀತೀರೇನ್ರಿ ಅಣ್ಣಾರ? ಅರಳಿ ಹಂಗ. ಸಪ್ಪಳಕ್ಕ ಅದು ಇದ್ದೂ ಇಲ್ಲ."

ಅಲ್ಲಿಂದ ಸುರುವಾಯಿತು ನನ್ನ ಬೂಚಿನ ಪುರಾಣ. ಒಂದೊಂದು ಪಾಕೀಟಿನ ಮೇಲೂ ಎಷ್ಟು ಸಪ್ಪಳ ತಡೆಯುತ್ತದೆ ಎಂಬ ಅಂಕಿ ಇರುತ್ತದೆ. ಟ್ರ್ಯಾಕ್ಟರಿನ ಹಾರ್ಸ್‌ಪವರ್ ನೋಡಿ ರೂಢಿಯಾದವನು ನಾನು, ಎಲ್ಲಕ್ಕಿಂತ ದೊಡ್ಡ ಅಂಕಿಯದನ್ನು ತಂದೆ. ಮೆತ್ತನೆಯ ಹಳದಿ ಬೂಚು, ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಗೆ ತೂರಿಸಿದರೆ ಒಳಗೆ ಉಬ್ಬಿಕೊಳ್ಳುತ್ತದೆ. ನಾನು ಗ್ರೀಸು ಬಡಿದ ಬೆರಳಲ್ಲೇ ಹೊಸೆದೆ. ನಾಲ್ಕು ದಿನಕ್ಕೆ ಬಲಗಿವಿ ತುರಿಸಿ ತುರಿಸಿ ಕೆಂಪಾಯಿತು. ಉಳಿದ ಒಂದು ಕಿವಿಯನ್ನೂ ಕೈಯಾರೆ ಹಾಳು ಮಾಡಿಕೊಂಡೆನೆಂದು ಅಂಜಿ ದವಾಖಾನೆಗೆ ಓಡಿದೆ. ಹನಿ ಹಾಕಿ ಕಳಿಸಿದರು.

ಆಮೇಲೆ ಕಿವಿಯ ಮೇಲೆ ಕೂರುವ ದೊಡ್ಡ ಬಟ್ಟಲಿನಂಥವು. ಅದನ್ನು ಅಂಗಡಿಯಲ್ಲಿ ಹಾಕಿಕೊಂಡ ದಿನ ವೆಲ್ಡಿಂಗ್ ಅಂಗಡಿಯವನು "ಏನೋ ಸಿದ್ರಾಮ, ವಿಮಾನ ಹಾರಸಾಕ ಹೊಂಟಿ?" ಎಂದ. ನಾಚಿಕೆಯಾಗಿ, ಕಾಣದಿರಲೆಂದು ಮೊದಲು ತಲೆ ಕಿವಿಗೆ ಟವೆಲ್ ಸುತ್ತಿಕೊಂಡು ಅದರ ಮೇಲೆ ಬಟ್ಟಲು ಏರಿಸಿದೆ, ಮತ್ತೆ ಮೇಲೊಂದು ಟವೆಲ್. ಎಲ್ಲ ಸಪ್ಪಳವೂ ಮೊದಲಿನಂತೆ ಒಳಗೆ ಬಂತು. ಫೋಟೋ ತೆಗೆದು ಅಶ್ವಿನಿಗೆ ಕಳಿಸಿದರೆ ಅವಳು ಫೋನಿನಲ್ಲೇ ನಕ್ಕಳು. "ಬಟ್ಟಲ ಚರ್ಮಕ್ಕ ಹತ್ತಬೇಕ್ರಿ. ನಡುವ ಟವೆಲ್ ಇದ್ರ ಸಂದ್ಯಾಗಿಂದ ಸಪ್ಪಳ ನುಗ್ಗತೈತಿ. ಗ್ಯಾಸ್ಕೆಟ್ ಸರಿ ಕೂಡಲಿಲ್ಲಂದ್ರ ಎಣ್ಣಿ ಸೋರಂಗಿಲ್ಲೇನ್ರಿ?" ಇವಳಿಗೆ ಗ್ಯಾಸ್ಕೆಟ್ ಯಾರು ಹೇಳಿದರೋ. ಅವಳ ಅಪ್ಪನೂ ಶರ್ಯತ್ತಿನ ಹುಚ್ಚನಂತೆ, ಈಗ ಟಿವಿಯ ದನಿ ಓಣಿಗೆಲ್ಲ ಕೇಳುವಷ್ಟು ಇಡುತ್ತಾನಂತೆ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಬೇರೆ. ಬೂಚು ಸರಿಯಾಗಿ ಕೂತ ದಿನ ಹೊರಗಿನ ಸಪ್ಪಳ ಪೂರ್ತಿ ಅಡಗಿತು, ಒಳಗಿನ ಕುಂಯ್ ದೊಡ್ಡದಾಯಿತು. ಬೂಚು ತೆಗೆದರೆ ಸಣ್ಣದು, ಹಾಕಿದರೆ ದೊಡ್ಡದು. ಅಂದರೆ ಬೇನೆ ಹಚ್ಚುತ್ತಿರುವುದು ಬೂಚೇ! ಕಿತ್ತು ತಿಪ್ಪೆಗೆ ಎಸೆದೆ. ಎರಡು ವಾರ ಬರಿಗಿವಿಯಲ್ಲೇ ಇಂಜಿನ್ನುಗಳ ನಡುವೆ ಕೆಲಸ ಮಾಡಿದೆ. ನಿಮ್ಮಲ್ಲಿ ಯಾರಾದರೂ ಹೀಗೇ ಮಾಡಿದ್ದರೆ, ಮಾಡುತ್ತಿದ್ದರೆ, ಅಶ್ವಿನಿ ನನಗೆ ಹೇಳಿದ್ದನ್ನು ಕೇಳಿ.

"ಮನ್ಯಾಗ ಫ್ಯಾನ್ ಬಂದ್ ಮಾಡಿದ್ರ ಗಡಿಯಾರ ಟಿಕ್ ಟಿಕ್ ಕೇಳ್ತೈತಲ್ರಿ? ಹಂಗಂತ ಗಡಿಯಾರ ಆಗ ಹುಟ್ಟಿತೇನ್ರಿ? ಅದು ಮೊದಲ ಇತ್ತು, ಫ್ಯಾನಿನ ಸಪ್ಪಳದಾಗ ಮುಚ್ಚಿಹೋಗಿತ್ತು. ಬೂಚ ಫ್ಯಾನ್ ಬಂದ್ ಮಾಡ್ತೈತಿ, ಅಷ್ಟ."

"ಹಂಗಾರ ಯಾವುದು ಛಲೋದು ಹೇಳ್ರಿ ತಂಗಿ. ನನಗ ತಲಿ ಸುತ್ತಾಕತ್ತೈತಿ."

"ಯಾವುದನ್ನ ನೀವು ತಗಿಯಂಗಿಲ್ಲೋ ಅದ ಛಲೋದ್ರಿ. ದೊಡ್ಡ ಅಂಕಿದು ಹಾಕ್ಕೊಂಡು, ಒಂದ ಸಲ ಕೇಳತೇನಿ ಅಂತ ನಡುವ ಕಿತ್ತ್ರಿ ಅಂದ್ರ ಏನ ಉಪಯೋಗ? ಅವತ್ತೂ ಹಂಗ ಆಗಿದ್ದಲ್ರಿ? ಮತ್ತ ಪೈಪಿನ ಬಾಜೂ ನಿಂದರಬ್ಯಾಡ್ರಿ. ದೂರ ನಿಂತರ ಅದೂ ಒಂದ ಬೂಚ."

ಹಾಗೆ ಈ ನೀಲಿ ದಾರದ ರಬ್ಬರ್ ಬೂಚು ಬಂತು. ಸಾಬೂನು ಹಚ್ಚಿ ತೊಳೆಯಬಹುದು, ಕಳೆಯುವುದಿಲ್ಲ, ತುರಿಸುವುದಿಲ್ಲ. ಶರ್ಯತ್ತಿಗಾದರೆ ಅದರ ಮೇಲೆ ಬಟ್ಟಲನ್ನೂ ಹಾಕುತ್ತೇನೆ, ಬರೀ ತಲೆಗೆ, ಟವೆಲ್ ಇಲ್ಲದೆ. ವಿಮಾನ ಹಾರಿಸುವವನು ಎಂದರೆ ಅನ್ನಲಿ.

ಆದರೆ ಬೂಚು ಹಾಕಿಕೊಂಡು ಇಂಜಿನ್ ಕೇಳುವುದು ಹೇಗೆ? ಆ ಒಂದು ಪ್ರಶ್ನೆ ಉಳಿದೇ ಇತ್ತು. ಉತ್ತರ ಸಿಕ್ಕದ್ದು ನನ್ನ ಜಾಣತನದಿಂದಲ್ಲ. ಒಂದು ಬೆಳಿಗ್ಗೆ ಬಲಗಿವಿಯಲ್ಲಿ ಬೂಚು ಇರುವುದು ಮರೆತು, ಕೈಯ ರೂಢಿಯಂತೆ ಸ್ಕ್ರೂಡ್ರೈವರಿನ ಹಿಡಿಕೆ ಕಿವಿಗೆ ಒಯ್ದೆ. ಬೂಚಿಗೆ ತಾಗಿ ಹಿಡಿಕೆ ಜಾರಿತು, ಕಿವಿಯ ಹಿಂದಿನ ಎಲುಬಿಗೆ ಹೋಗಿ ಕೂತಿತು. ಟಕ್ ಟಕ್ ಟಕ್. ಹೊರಗಿನ ಗದ್ದಲ ಒಂದೂ ಇಲ್ಲದೆ, ಇಂಜಿನ್ನಿನ ಹೊಟ್ಟೆಯೊಳಗಿನ ಪೆಟ್ಟು ಒಂದೊಂದಾಗಿ ನನ್ನ ತಲೆಯೊಳಗೆ ಬಿತ್ತು. ಡಾಕ್ಟರ ಉಕ್ಕಿನ ಚಿಮಟಿಗೆ ಆಗ ನೆನಪಾಯಿತು. ಹಿಡಿಕೆ ತೆಗೆದೆ, ಟಕ್ ಟಕ್ ಹೋಯಿತು, ಕುಂಯ್ ಉಳಿಯಿತು. ಇಟ್ಟೆ, ಬಂತು. ತೆಗೆದೆ, ಹೋಯಿತು. ಅಂಗಡಿಯಲ್ಲಿ ಒಬ್ಬನೇ ನಿಂತು ಎಷ್ಟು ಸಲ ಇಟ್ಟು ತೆಗೆದೆನೋ. ಆದರೂ ನಂಬಲಿಲ್ಲ. ಇದೂ ಕಿವಿಯ ಇನ್ನೊಂದು ಸುಳ್ಳಾಗಿದ್ದರೆ? ಡಾಕ್ಟರಿಗೆ ಫೋನು ಮಾಡಿದೆ. ಸುಳ್ಳಲ್ಲ, ಸಪ್ಪಳ ಎಲುಬಿನಿಂದಲೂ ಒಳಗೆ ಹೋಗುತ್ತದೆ, ಮೆಲ್ಲಗೆ ಓಡುವ ಇಂಜಿನ್ನಿಗೆ, ಒಂದೆರಡು ಗಳಿಗೆ ಆದರೆ ನೋಡಿ, ರೇಸ್ ಕೊಟ್ಟಾಗ ಬೇಡ ಎಂದರು. ಅವರ ದನಿಯಲ್ಲಿ ಸ್ವಲ್ಪ ನಗು ಇತ್ತು.

ಮುಂದಿನ ತೊಗರಿ ಕೊಯ್ಲು ಮುಗಿದ ಮೇಲೆ ಬಾಗೇವಾಡಿಯ ಹತ್ತಿರ ಶರ್ಯತ್ತು. ಹೋಗುವುದು ಬೇಡ ಎಂದು ಅವ್ವ, ಹೋಗಲೇಬೇಕು ಎಂದು ನನ್ನ ಹೊಟ್ಟೆಯೊಳಗಿನ ಹುಳ. ಸುನಂದಾ ಸೀರೆ ಬದಲಿಸಿ ಹೊರಗೆ ಬಂದಳು.

"ನಾನೂ ಬರ್ತೇನಿ. ನೀ ಅಲ್ಲಿ ಬೂಚ ತಗದಿ ಅಂದ್ರ, ಮಂದಿ ಮುಂದ ಕೈ ಹಿಡದ ಎಳಕೊಂಡ ಬರ್ತೇನಿ, ನೋಡು."

ಇಪ್ಪತ್ತು ವರ್ಷದಲ್ಲಿ ಅವಳು ಶರ್ಯತ್ತು ನೋಡಿದವಳಲ್ಲ. ಅವಳ ಕಿವಿಗೂ ಹಳದಿ ಬೂಚು ಹಾಕಿದೆ, ಕೈ ತೊಳೆದುಕೊಂಡು. ಹಗ್ಗದಿಂದ ದೂರ ನಿಂತೆವು. ನನ್ನ ಬಲಕ್ಕೆ ಅವಳು.

ಬಸಗೊಂಡನ ಟ್ರ್ಯಾಕ್ಟರ್ ಕಂಡಿತು. ಅವನೂ ನನ್ನನ್ನು ಕಂಡ, ಮುಖ ತಿರುವಿದ. ಅವನ ಜೋಡಿ ಬಿಡಲು ಇನ್ನೂ ಹೊತ್ತಿತ್ತು. ಇಂಜಿನ್ ಮೆಲ್ಲಗೆ ಓಡುತ್ತಿತ್ತು. ಮುಂದಿನ ಫ್ಯಾನು ತಿರುಗುವುದರಲ್ಲಿ ಒಂದು ಸಣ್ಣ ಅದುರು ನನ್ನ ಕಣ್ಣಿಗೆ ಬಿತ್ತು. ಅದು ಖರೆಯೋ, ನನ್ನ ಸಂಶಯವೋ ಎಂದು ಬಹಳ ಹೊತ್ತು ನೋಡಿದೆ. ಒಂದು ಸಲ ಮಂದಿಯ ಮುಂದೆ ಮರ್ಯಾದೆ ಕಳೆದುಕೊಂಡವನು ಎರಡನೆಯ ಸಲ ಅದೇ ಟ್ರ್ಯಾಕ್ಟರಿನ ಮುಂದೆ ಹೋಗುವುದು ಸಣ್ಣ ಮಾತಲ್ಲ. ಆದರೆ ಪೂರ್ತಿ ರೇಸಿನಲ್ಲಿ ಆ ಫ್ಯಾನು ಕಳಚಿದರೆ ಅದರ ರೆಕ್ಕೆ ಯಾರ ಕಡೆ ಹಾರುತ್ತದೋ ಎಂದು ನೆನೆದು ಕಾಲು ತಾನೇ ನಡೆಯಿತು.

ಬಟ್ಟಲು ಕಳಚಿ, ಹಿಂದೆಯೇ ಬಂದಿದ್ದ ಸುನಂದಾಳ ಕೈಗೆ ಕೊಟ್ಟೆ, ಬೂಚು ಕಿವಿಯಲ್ಲೇ ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಹಿಂದಿನ ಬೇರಿಂಗಿನ ಮನೆಗೆ ಒತ್ತಿ, ಹಿಡಿಕೆಯನ್ನು ಬಲಗಿವಿಯ ಹಿಂದಿನ ಎಲುಬಿಗೆ ಇಟ್ಟೆ. ಕರ್ ಕರ್ ಕರ್. ತೆಗೆದೆ, ಹೋಯಿತು. ಇಟ್ಟೆ, ಬಂತು. ಕುಂಯ್ ಮಾತ್ರ ಎಂದಿನಂತೆ ತನ್ನ ಪಾಡಿಗೆ ತಾನಿತ್ತು. ಮೂರನೆಯ ಸಲ ತೆಗೆದು ಇಟ್ಟು ನೋಡಿ, ತಲೆ ಎತ್ತಿದೆ. ಬಸಗೊಂಡ ಸೀಟಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ.

"ಬಂದ್ ಮಾಡೋ ಬಸಗೊಂಡ. ಈ ಸಲ ಸಪ್ಪಳ ನಂದಲ್ಲ, ನಿಂದು."

ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಆ ಕೈ ಕೀಲಿಯ ಕಡೆ ಹೋಗದಿದ್ದರೆ ನಾನು ಅಂಗಡಿಗೆ ಬೀಗ ಹಾಕುತ್ತಿದ್ದೆ, ಇದನ್ನು ಸುನಂದಾಳಿಗೂ ಹೇಳಿರಲಿಲ್ಲ. ಕೈ ಹೋಯಿತು. ಇಂಜಿನ್ ನಿಂತಿತು. ಬೆಲ್ಟು ಸಡಿಲಿಸಿ ನಾನು ಪಕ್ಕಕ್ಕೆ ಸರಿದೆ. "ನೀನ ಹಿಡದ ನೋಡು" ಎಂದೆ. ಅವನು ಫ್ಯಾನಿನ ರೆಕ್ಕೆ ಹಿಡಿದು ಅಲುಗಿಸಿದ, ಅಲುಗಾಡಿತು. ಮೆಲ್ಲಗೆ ತಿರುವಿದ. ಕರಕರ ಎಂಬುದು ಅವನ ಬೆರಳಿಗೇ ತಾಗಿರಬೇಕು. ಮತ್ತೊಮ್ಮೆ ತಿರುವಿದ. ಆಮೇಲೆ ಅವನು ಪಟ್ಟಿಯ ಬಳಿ ನಿಂತವರ ಕಡೆ ನೋಡಿ ಕೈಯಾಡಿಸಿದ, ತಾನು ಓಡಿಸುವುದಿಲ್ಲ ಎಂದು.

ಅಷ್ಟರಲ್ಲಿ ಬೇರೆ ಜೋಡಿ ಬಿಟ್ಟರು. ಭೂಮಿ ನಡುಗಿತು. ಆ ಗದ್ದಲದ ನಡುವೆ ಬಸಗೊಂಡ ನನ್ನ ಎಡಗಡೆ ಬಂದು, ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದ. ಉದ್ದಕ್ಕೇ ಹೇಳಿದ, ಮಾತು ಕಡಿಮೆ ಇರುವ ಮನುಷ್ಯ. ನನ್ನ ಹೆಗಲ ಮೇಲೆ ಕೈ ಇಟ್ಟು, ಟ್ರ್ಯಾಕ್ಟರಿನ ಕಡೆ ಹೋದ. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಗದ್ದಲ ಇಳಿದ ಮೇಲೆ ಸುನಂದಾಳನ್ನು ಕೇಳಿದೆ, "ಏನಂದ?"

"ನಾನೂ ಬೂಚ ಹಾಕ್ಕೊಂಡೇನಿ. ನನಗೇನ ಗೊತ್ತ?"

ಬೈದನೋ, ಕ್ಷಮಿಸು ಎಂದನೋ, ಮೂರು ದಿನದ ಹದ ಹೋದದ್ದರ ಲೆಕ್ಕ ಹೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮತ್ತೆ ಕೇಳಲು ಧೈರ್ಯವಾಗಲಿಲ್ಲ. ಕುಂಯ್ ಹೋಗಿಲ್ಲ, ಈಗ ಬರೆಯುವಾಗಲೂ ಇದೆ. ಮುದ್ದೇಬಿಹಾಳದ ಆ ಮನುಷ್ಯ ಅಶ್ವಿನಿಯ ಹತ್ತಿರ ಹೋಗಿ ಬಂದನಂತೆ, ಮನೆಯಲ್ಲಿ ಹೇಳಿದನಂತೆ, ಹೆಂಡತಿ ಹುಚ್ಚ ಅನ್ನಲಿಲ್ಲವಂತೆ.

ಶರ್ಯತ್ತಿನ ಮರುದಿನ ಸೋಮವಾರ. ಅಂಗಡಿ ತೆಗೆಯಲು ಹೋದರೆ ಬಸಗೊಂಡನ ಟ್ರ್ಯಾಕ್ಟರ್ ಬಾಗಿಲ ಮುಂದೆ ನಿಂತಿತ್ತು. ಮೆಲ್ಲಗೆ ಓಡಿಸಿಕೊಂಡು ಬೆಳಕು ಹರಿಯುವ ಮುಂಚೆಯೇ ಗೊಳಸಂಗಿ ಬಿಟ್ಟಿರಬೇಕು. ನಾನು ಕೈ ತೊಳೆದು ಬೂಚು ಹಾಕಿಕೊಂಡು, ಸ್ಕ್ರೂಡ್ರೈವರ್ ತೆಗೆದುಕೊಂಡು ಇಂಜಿನ್ನಿನ ಮೇಲೆ ಬಗ್ಗಿದೆ. ಬಸಗೊಂಡ ಎಡಗಡೆ ನಿಂತಿದ್ದವನು ಟ್ರ್ಯಾಕ್ಟರಿನ ಮೂತಿ ಸುತ್ತಿಕೊಂಡು ಬಂದು ನನ್ನ ಬಲಕ್ಕೆ ನಿಂತ.